ರೇಲಿಂಗ್ ಹಾಕಿಸಿದ ಕಲ್ಲು

ಆಗ್ರಾ
೯ ನವೆಂಬರ್ ೨೦೦೯

ಅಕ್ಕನಿಗೆ ಚನ್ನಕೇಶವ ಮಾಡುವ ನಮಸ್ಕಾರಗಳು.

ತಾಜಮಹಲಿನ ಕಥೆಯನ್ನು ನನಗೆ ಮೊಟ್ಟಮೊದಲು ಹೇಳಿದವಳು ನೀನು. ನಿನ್ನ ಮದುವೆಗೆ ಹಿಂದಿನ ಸುಗ್ಗಿಯಲ್ಲಿ, ರಾಗಿ ಕಣಕ್ಕೆ ಕಾವಲು ಕೂತಿದ್ದಾಗ ಹೇಳಿದ್ದೆ. ಒಬ್ಬ ರಾಜನಿದ್ದನಂತೆ, ಅವನ ಹೆಂಡತಿ ಸತ್ತಳಂತೆ, ಅವಳು ಮಲಗಿದ ಜಾಗವನ್ನು ಲೋಕ ಮರೆಯಬಾರದೆಂದು ಹಾಲಿನ ಬಣ್ಣದ ಮನೆ ಕಟ್ಟಿಸಿದನಂತೆ. “ನಮ್ಮಮ್ಮನಿಗೆ ಯಾಕೆ ಕಟ್ಟಿಸಲಿಲ್ಲ?” ಎಂದು ನಾನು ಕೇಳಿದ್ದಕ್ಕೆ, “ಅಪ್ಪನ ಹತ್ರ ಗೋಡೆಗೆ ಬಳಿಯೋ ಸುಣ್ಣಕ್ಕೇ ಕಾಸಿಲ್ಲ, ಬಿದ್ಕೊಳೋ ಸುಮ್ನೆ” ಎಂದಿದ್ದೆ.

ಇವತ್ತು ಆ ಮನೆಯನ್ನು ಕಣ್ಣಾರೆ ನೋಡಿದೆ. ಫೋನಿನಲ್ಲಿ ನಿನಗೆ ಕಿವಿ ಕೇಳಿಸುವುದಿಲ್ಲ, ಅದಕ್ಕೇ ಹೋಟೆಲಿನ ಮೇಜಿನ ಮುಂದೆ ಕೂತು ಬರೆಯುತ್ತಿದ್ದೇನೆ. ವರಲಕ್ಷ್ಮಿ, “ನಿಮ್ಮಕ್ಕನಿಗೆ ಊರಿಗೆ ಹೋಗಿ ಹೇಳಿದ್ರಾಯ್ತು, ಲೈಟ್ ಆರಿಸ್ರೀ” ಎಂದು ಗೊಣಗುತ್ತಿದ್ದಾಳೆ.

ಕೆರೆ ಕಡೆಯ ಹೊಲಗಳನ್ನು ಮಾರಿ ಕೈಗೆ ಕಾಸು ಬಂದ ಮೇಲೆ ಜಕ್ಕೂರಿನಲ್ಲಿ ಟೂರಿನದೇ ಮಾತು. ಮೊದಲು ಯಾರ ಮನೆಯಲ್ಲಿ ಎಷ್ಟು ಹಸು ಎಂದು ಕೇಳುತ್ತಿದ್ದರು, ಈಗ ಯಾರು ಎಲ್ಲಿಯವರೆಗೆ ಹೋಗಿಬಂದರು ಎಂದು ಕೇಳುತ್ತಾರೆ. ನಮ್ಮ ಬಸ್ಸಿನಲ್ಲಿ ಹದಿನಾಲ್ಕು ಜನ ನಮ್ಮೂರಿನವರೇ. ಬಾಗಿಲಿನಿಂದ ಒಳಗೆ ಕಾಲಿಟ್ಟಾಗ ಅಷ್ಟು ಜನವೂ ಅಲ್ಲೇ ನಿಂತು ತಲೆಯೆತ್ತಿದೆವು. ಅಕ್ಕ, ಅದು ನೆಲದ ಮೇಲೆ ಕೂತಿರುವಂತೆ ಕಾಣುವುದಿಲ್ಲ.

ಒಳಗೆ ಹೋದರೆ ಎರಡು ಗೋರಿಗಳಿವೆ. ನಾನು ಕೈ ಮುಗಿದೆ. ಪಕ್ಕದಲ್ಲಿದ್ದ ಗೈಡು ನಕ್ಕು, ಇವು ಬರೀ ನೋಡುವುದಕ್ಕೆ, ರಾಜ ರಾಣಿ ಇಲ್ಲಿಲ್ಲ, ನಿಜವಾದ ಗೋರಿಗಳು ಕೆಳಗಿನ ನೆಲಮನೆಯಲ್ಲಿವೆ, ಅಲ್ಲಿಗೆ ಯಾರನ್ನೂ ಬಿಡುವುದಿಲ್ಲ ಎಂದ. ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಲೋಕವೆಲ್ಲ ಬಂದು ಖಾಲಿ ಕಲ್ಲಿಗೆ ಕೈ ಮುಗಿದು ಹೋಗುತ್ತಿದೆ!

ಏರೋಡ್ರೋಮ್ ಪಕ್ಕದ ಹೊಲದ ಬಗ್ಗೆ ನೀನು ಚಿಂತೆ ಮಾಡಬೇಡ. ಅದನ್ನು ಮಾರುವುದಿಲ್ಲ. ಅಮ್ಮ ಅಲ್ಲಿದ್ದಾಳೆ.

ನಿನ್ನ ತಮ್ಮ,
ಕೇಶವ


ಗೌರಿಬಿದನೂರು
೨ ಡಿಸೆಂಬರ್ ೨೦೦೯

ಚಿರಂಜೀವಿ ಕೇಶವನಿಗೆ ಅಕ್ಕ ಗಂಗರತ್ನಮ್ಮನ ಆಶೀರ್ವಾದಗಳು.

ನಿನ್ನ ಕಾಗದ ಬಂತು. ಸೊಸೆ ಪದ್ಮಶ್ರೀ ಗಟ್ಟಿಯಾಗಿ ಓದುತ್ತೇನೆ ಎಂದಳು. ಬೇಡ, ತಮ್ಮನ ಕಾಗದ ಕಣ್ಣಲ್ಲೇ ಓದಬೇಕು ಎಂದು ಕಿತ್ತುಕೊಂಡೆ. ನಾಲ್ಕನೇ ಕ್ಲಾಸು ಓದಿದ್ದು ಇಷ್ಟಕ್ಕಾದರೂ ಬಂತು.

ಇಲ್ಲಿ ಎಲ್ಲ ಕ್ಷೇಮ. ಅವರೆ ಹೂ ಬಿಟ್ಟಿದೆ. ನನ್ನ ಮೊಣಕಾಲು ಚೆನ್ನಾಗಿದೆ.

ಆ ಹೊಲ ಇಟ್ಟುಕೊಂಡಿದ್ದು ಒಳ್ಳೆಯದಾಯಿತು. ನಾನು ಅಲ್ಲಿ ಕಾಲಿಟ್ಟು ಎಷ್ಟೋ ವರ್ಷವಾಯಿತು. ಮಹಾಲಯ ಅಮಾವಾಸ್ಯೆಗೆ ಗಂಡನ ಮನೆಯ ಹಿರಿಯರಿಗೆ ಎಡೆ ಇಡಬೇಕಾದವಳು ತವರಿಗೆ ಹೇಗೆ ಬರಲಿ? ಅಮ್ಮನಿಗೆ ಹಾಕುವ ತುತ್ತು ನಿನ್ನದು. ಪ್ರತಿ ವರ್ಷ ತಪ್ಪದೆ ಅಲ್ಲಿಗೆ ಎಡೆ ಕೊಂಡೊಯ್ಯುತ್ತೀಯೆಂದು ಗಂಗಾನಗರದ ಮುನಿವೆಂಕಟಯ್ಯ ಮಾವ ಹೇಳಿದರು. ಅವಳ ಮುಖವೂ ನೆನಪಿಲ್ಲದ ನಿನಗೆ ಇಷ್ಟು ನಿಷ್ಠೆ ಇರುವುದು ನೋಡಿ ಸೆರಗಿನಲ್ಲಿ ಕಣ್ಣೊರೆಸಿಕೊಂಡೆ.

ಮುಂದಿನ ಸಲ ತಾಜಮಹಲು ಬಿಟ್ಟು ಗೌರಿಬಿದನೂರು ನೋಡಲು ಬಾ. ಇಲ್ಲಿ ಟಿಕೆಟ್ ಇಲ್ಲ.

ಅಕ್ಕ


ರೋಮ್
೬ ಜೂನ್ ೨೦೧೨

ಪ್ರೀತಿಯ ಅಕ್ಕನಿಗೆ,

ನಂಬುತ್ತೀಯೋ ಇಲ್ಲವೋ, ನಿನ್ನ ತಮ್ಮ ಈಗ ರೋಮ್ ಪಟ್ಟಣದಲ್ಲಿದ್ದಾನೆ. ಪ್ಯಾರಿಸಿನಲ್ಲಿ ಐಫೆಲ್ ಗೋಪುರ ಹತ್ತಿದೆವು. ಅಷ್ಟು ಕಬ್ಬಿಣ ಒಂದೇ ಕಡೆ ನಿಂತಿರುವುದನ್ನು ನಾನು ಯಶವಂತಪುರದ ರೈಲ್ವೆ ಯಾರ್ಡಿನಲ್ಲೂ ನೋಡಿರಲಿಲ್ಲ. ಲಿಫ್ಟು ಮೇಲೇರುವಾಗ ವರಲಕ್ಷ್ಮಿ ನನ್ನ ತೋಳನ್ನು ಎಷ್ಟು ಗಟ್ಟಿಯಾಗಿ ಹಿಡಿದಳೆಂದರೆ ಉಗುರಿನ ಗುರುತು ಇನ್ನೂ ಇದೆ. ಪೀಸಾದಲ್ಲಿ ವಾಲಿದ ಗೋಪುರ ನೋಡಿ ಅವಳು ಹೇಳಿದ ಮಾತಿಗೆ ಬಸ್ಸೆಲ್ಲ ನಕ್ಕಿತು: “ನಮ್ ಕಡೆ ಇಂಗೆ ವಾಲಿದ್ರೆ ಬಿಲ್ಡರ್‌ನ ಒಳಗಾಕ್ತಿದ್ರು. ಇಲ್ಲಿ ದುಡ್ಡು ಕೊಟ್ಟು ಫೋಟೋ ತೆಗಿಸ್ಕೊಂತಾರೆ!”

ಇವತ್ತು ಬೆಳಗ್ಗೆ ಗೈಡು ಒಂದು ಚರ್ಚಿನ ಕೆಳಗಿನ ಕೋಣೆಗಳಿಗೆ ಕರೆದುಕೊಂಡು ಹೋದ. ಗೋಡೆ ತುಂಬ ರಂಗೋಲಿಯಂತೆ ಏನೋ ಚಿತ್ತಾರ, ಮಾಡಿನಿಂದ ತೂಗುವ ದೀಪಗಳು. ಹತ್ತಿರ ಹೋಗಿ ನೋಡಿದೆ. ಮನುಷ್ಯರ ಮೂಳೆ, ಅಕ್ಕ! ಬೆನ್ನುಮೂಳೆಯ ತುಂಡುಗಳನ್ನು ಸೇರಿಸಿ ಹೂ ಮಾಡಿದ್ದಾರೆ. ಹಿಂದೆ ಅಲ್ಲಿದ್ದ ಸನ್ಯಾಸಿಗಳ ಮೂಳೆಗಳಂತೆ. ವರಲಕ್ಷ್ಮಿ ಹೊರಗೆ ಓಡಿಹೋಗಿ ಮೆಟ್ಟಿಲ ಮೇಲೆ ಕೂತು ನೀರು ಚಿಮುಕಿಸಿಕೊಂಡಳು.

ಆಮೇಲೆ ಒಬ್ಬನೇ ಯೋಚಿಸಿದೆ. ಇಷ್ಟು ದೂರ ಬಂದು ನಾವು ನೋಡುವುದೆಲ್ಲ ಸತ್ತವರನ್ನೇ. ಆಗ್ರಾದಲ್ಲಿ ಗೋರಿ, ಇಲ್ಲಿ ಮೂಳೆ. ಯಾರ ಸತ್ತವರ ಜಾಗ ಉಳಿಯಿತೋ ಅವರ ಊರು ನೋಡುವ ಊರಾಯಿತು.

ಒಂದು ವಿಷಯ ನಿನಗೆ ಮೊದಲೇ ಬರೆಯಬೇಕಿತ್ತು. ಏರೋಡ್ರೋಮ್ ಪಕ್ಕದ ಹೊಲವನ್ನು ಹೋದ ವರ್ಷ ಒಬ್ಬ ಬಿಲ್ಡರಿಗೆ ಜಾಯಿಂಟ್ ಡೆವಲಪ್‌ಮೆಂಟಿಗೆ ಕೊಟ್ಟಿದ್ದೇನೆ. ಬೇಸರ ಮಾಡಿಕೊಳ್ಳಬೇಡ. ಅಮ್ಮನ ಕಲ್ಲಿನ ಸುತ್ತ ಜಾಗ ಬಿಡಿಸಿ ಸ್ಟೀಲ್ ರೇಲಿಂಗ್ ಹಾಕಿಸಿದ್ದೇನೆ. ಒಂದು ಇಟ್ಟಿಗೆಯೂ ಅತ್ತ ಬೀಳಬಾರದೆಂದು ಕರಾರು ಮಾಡಿಸಿದ್ದೇನೆ.

ಕೇಶವ


ಗೌರಿಬಿದನೂರು
೧ ಜುಲೈ ೨೦೧೨

ಕೇಶವನಿಗೆ,

ಮೂಳೆಯ ಹೂವಿನ ವಿಷಯ ಓದಿ ಅವತ್ತು ಊಟ ಸೇರಲಿಲ್ಲ.

ಹೊಲ ಕೊಟ್ಟಿದ್ದು ನಿನ್ನ ಇಷ್ಟ. ಕೊಡುವ ಮೊದಲು ಒಂದು ಮಾತು ಕೇಳಬಹುದಿತ್ತು. ಸತ್ತವಳಿಗೆ ರೇಲಿಂಗ್ ಹಾಕಿಸಿದ್ದೀಯ, ಸಂತೋಷ. ಬದುಕಿರುವವಳ ಮನೆ ಬಾಗಿಲಿಗೂ ಯಾರೋ ರೇಲಿಂಗ್ ಹಾಕಿದ್ದಾರೇನೋ, ಅದಕ್ಕೇ ನೀನು ದಾಟಿ ಬರುತ್ತಿಲ್ಲ.

ಗಂಗರತ್ನ


ಜಕ್ಕೂರು
೧೪ ಸೆಪ್ಟೆಂಬರ್ ೨೦೧೮

ಅಕ್ಕನಿಗೆ ನಮಸ್ಕಾರಗಳು.

ಆರು ವರ್ಷದ ಮೇಲೆ ಬರೆಯುತ್ತಿದ್ದೇನೆ. ನಿನ್ನ ಆ ಕಾಗದ ಓದಿ, ಅಕ್ಕನಿಗೆ ಪಾಲಿನ ಮೇಲೆ ಕಣ್ಣು ಎಂದುಕೊಂಡೆ. ವರಲಕ್ಷ್ಮಿ ಆಗಲೇ, “ಅಲ್ಲಾರೀ, ಅವ್ರು ನಿಮ್ಮುನ್ನ ಬಾ ಅಂತವ್ರೆ, ನಿಮ್ಗೆ ಬೇರೇನೋ ಕೇಳಿಸ್ತೈತೆ” ಎಂದಿದ್ದಳು. ನಾನೇ ಬಿಗುಮಾನ ಮಾಡಿದೆ. ನಿನ್ನೆ ಗಣೇಶನನ್ನು ಕೂರಿಸುವಾಗ ನೀನು ಬಹಳ ನೆನಪಾದೆ.

ಹೊಲದಲ್ಲಿ ಮೊದಲನೇ ಬ್ಲಾಕ್ ಎದ್ದು ಜನ ಬಂದಿದ್ದಾರೆ. ನಮಗೂ ಮೂರನೇ ಮಹಡಿಯಲ್ಲಿ ಮನೆ. ಬಾಲ್ಕನಿಯಲ್ಲಿ ನಿಂತರೆ ಫ್ಲೈಯಿಂಗ್ ಕ್ಲಬ್ಬಿನ ಸಣ್ಣ ವಿಮಾನಗಳು ತಲೆ ಸವರಿಕೊಂಡು ಹೋದಂತೆ ಹೋಗುತ್ತವೆ. ಎರಡನೇ ಬ್ಲಾಕಿನ ಗುಂಡಿ ತೆಗೆಯುವ ಕೆಲಸ ಈ ವಾರ ಶುರು. ರೇಲಿಂಗಿನ ಅಂಚಿನವರೆಗೆ ಅಗೆಯುತ್ತಾರೆ, ಒಳಗೆ ಮುಟ್ಟುವುದಿಲ್ಲ.

ನಾಗೇಶ, “ಅಪ್ಪಾ, ಅಜ್ಜಿ ಕಲ್ಲಿಗೆ ಒಂದು ಬೋರ್ಡಾದ್ರೂ ಹಾಕ್ಸಿ, ಗೆಸ್ಟ್‌ಗಳು ಏನಿದು ಅಂತ ಕೇಳ್ತಾರೆ” ಎಂದ. ಕರಿಯ ಗ್ರಾನೈಟಿನಲ್ಲಿ ಚಿನ್ನದ ಅಕ್ಷರದಲ್ಲಿ ‘ಶ್ರೀಮತಿ ಸುಬ್ಬಮ್ಮನವರು’ ಎಂದು ಬರೆಸಿದೆ. ಬೋರ್ಡು ನಿಲ್ಲಿಸಿದ ದಿನ ಸೊಸೆ ಮಂಜುಶ್ರೀ, “ಮಾವಾ, ನಿಮಗೆ ಅವರು ನೆನಪಿದ್ದಾರಾ?” ಎಂದು ಕೇಳಿದಳು. ಇಲ್ಲ ಎಂದೆ. ನೆನಪಿರುವುದು ಅಪ್ಪ. ನಾನು ಅಜ್ಜಿಯ ಮನೆಯಿಂದ ಹಿಂತಿರುಗಿ ಬಂದ ವರ್ಷ, ಸಂಕ್ರಾಂತಿಯ ಬೆಳಗ್ಗೆ ಅಪ್ಪನ ಹಿಂದೆ ಹೊಲಕ್ಕೆ ಹೋಗಿದ್ದೆ. ಅಪ್ಪ ಆ ಕಲ್ಲಿಗೆ ಅರಿಶಿನ ಕುಂಕುಮ ಹಚ್ಚಿ, ಕಬ್ಬಿನ ತುಂಡು ಇಟ್ಟು, ಟವೆಲನ್ನು ಮುಖಕ್ಕೆ ಒತ್ತಿಕೊಂಡು ಬಹಳ ಹೊತ್ತು ಕೂತಿದ್ದ. ಆಮೇಲೆ ಪ್ರತಿ ಸಂಕ್ರಾಂತಿಗೂ ಹಾಗೇ. ಅಮ್ಮ ಇಲ್ಲಿದ್ದಾಳೆ ಎಂದು ನನಗೆ ಯಾರೂ ಹೇಳಬೇಕಾಗಲಿಲ್ಲ.

ನಾಡಿದ್ದು ನಾನೂ ವರಲಕ್ಷ್ಮಿಯೂ ಈಜಿಪ್ಟಿಗೆ ಹೊರಟಿದ್ದೇವೆ. ಪಿರಮಿಡ್ಡು ನೋಡಿ ಅಮಾವಾಸ್ಯೆಗೆ ಮುಂಚೆ ಬರುತ್ತೇವೆ.

ಕೇಶವ


ಗೌರಿಬಿದನೂರು
೧೮ ಸೆಪ್ಟೆಂಬರ್ ೨೦೧೮

ಕೇಶವ,

ಸಂಕ್ರಾಂತಿಯ ದಿನ ಎಂದು ಬರೆದಿದ್ದೀಯ. ಸಂಕ್ರಾಂತಿಯೇ ಹೌದೇನು? ಸರಿಯಾಗಿ ನೆನಪು ಮಾಡಿಕೊಂಡು ಹೇಳು. ಕಬ್ಬು ಇಟ್ಟಿದ್ದನೇ?

ಆ ಗುಂಡಿ ತೆಗೆಯುವವರಿಗೆ ನಾಲ್ಕು ದಿನ ನಿಲ್ಲಿಸಲು ಹೇಳು. ಕಾಗದ ಕಂಡ ಕೂಡಲೇ ಹೇಳು.

ಅಕ್ಕ


ಕೈರೋ
೨೨ ಸೆಪ್ಟೆಂಬರ್ ೨೦೧೮

ಅಕ್ಕ,

ಈ ಕಾಗದಕ್ಕಿಂತ ಮೊದಲು ನಾನೇ ಊರು ತಲುಪುತ್ತೇನೆ, ಗೊತ್ತು. ಆದರೂ ಬರೆಯದೆ ಇರಲಾರೆ.

ಪಿರಮಿಡ್ಡು ಮರಳುಗಾಡಿನ ನಡುವೆ ಒಂಟಿಯಾಗಿರುತ್ತದೆ ಎಂದುಕೊಂಡಿದ್ದೆ. ಅಲ್ಲ, ಊರು ಬಂದು ಅದರ ಬುಡಕ್ಕೆ ತಾಗಿದೆ! ಎದುರಿಗೆ ಬಟ್ಟೆ ಒಣಹಾಕಿದ ಬಿಲ್ಡಿಂಗುಗಳು, ನಮ್ಮ ಹೆಬ್ಬಾಳದ ಹಾಗೇ. ಒಂದೊಂದು ಕಲ್ಲು ನನ್ನ ಎದೆಯವರೆಗೆ. ನಾನು ಮುಖ ಮೇಲೆತ್ತಿದೆ, ಟೋಪಿ ಬಿತ್ತು, ತುದಿ ಕಾಣಲಿಲ್ಲ.

ದೊಡ್ಡ ಪಿರಮಿಡ್ಡಿನ ಒಳಗೆ ಹೋದೆ. ವರಲಕ್ಷ್ಮಿ ಬರಲಿಲ್ಲ, ರೋಮಿನ ಮೂಳೆಯ ಭಯ. ಗೂನು ಬೆನ್ನು ಮಾಡಿಕೊಂಡು ಇಳಿಜಾರಿನ ಸುರಂಗದಲ್ಲಿ ಹತ್ತಬೇಕು. ಗಾಳಿ ಇಲ್ಲ, ಮುಂದಿನವನ ಬೆವರು ಹಿಂದಿನವನಿಗೆ. ಕೊನೆಗೆ ಒಂದು ಕರಿ ಕಲ್ಲಿನ ಕೋಣೆ. ಅಲ್ಲಿ ಒಂದು ಕಲ್ಲಿನ ತೊಟ್ಟಿ, ಮೂಲೆ ಮುರಿದಿದೆ, ಮುಚ್ಚಳ ಇಲ್ಲ. ಬಗ್ಗಿ ನೋಡಿದೆ.

ಏನೂ ಇಲ್ಲ, ಅಕ್ಕ. ಒಂದು ಹಿಡಿ ಬೂದಿಯೂ ಇಲ್ಲ.

“ರಾಜ ಎಲ್ಲಿ?” ಎಂದು ಗೈಡನ್ನು ಕೇಳಿದೆ. ಯಾರಿಗೂ ಗೊತ್ತಿಲ್ಲ ಎಂದು ಕೈ ಆಡಿಸಿದ. ಬೆಟ್ಟದಷ್ಟು ಕಲ್ಲು ಹೇರಿಯೂ ಒಬ್ಬ ಮನುಷ್ಯನನ್ನು ಇದ್ದಲ್ಲಿ ಇಟ್ಟುಕೊಳ್ಳಲಾಗಲಿಲ್ಲ. ಹೊರಗೆ ಬಂದು ಬಿಸಿಲಿನಲ್ಲಿ ಕೂತೆ. ವರಲಕ್ಷ್ಮಿ, “ಏನಾಯ್ತ್ರೀ, ಮುಖ ಇಂಗಾಗೈತೆ?” ಎಂದಳು. “ನಮ್ಮಮ್ಮನೇ ವಾಸಿ ಕಣೇ, ಒಂದು ಕಲ್ಲ ಕೆಳಗೆ ಅಲ್ಲಾಡದೆ ಮಲಗವ್ಳೆ” ಎಂದೆ.

ಕೇಶವ


ಗೌರಿಬಿದನೂರು
೨೪ ಸೆಪ್ಟೆಂಬರ್ ೨೦೧೮

ಕೇಶವ,

ಹಿಂದಿನ ಕಾಗದದಲ್ಲಿ ಏನೋ ಕೇಳಿದ್ದೆ, ಅದಕ್ಕೆ ಉತ್ತರ ಬೇಡ. ವಯಸ್ಸಾಯಿತು, ಇಲ್ಲದ ಯೋಚನೆ ಬರುತ್ತದೆ. ಆ ದಾರಿಯಲ್ಲಿ ಕೆಲಸವಿತ್ತು, ಪದ್ಮಶ್ರೀ ಕಾರಿನಲ್ಲಿ ಕರೆದುಕೊಂಡು ಬಂದಳು, ನಿನ್ನ ಕಲ್ಲು ನೋಡಿದೆ. ಚೆನ್ನಾಗಿ ಇಟ್ಟಿದ್ದೀಯ. ಅಕ್ಷರಗಳೂ ಚೆನ್ನಾಗಿವೆ.

ಅಮಾವಾಸ್ಯೆಗೆ ಎಂದಿನಂತೆ ಅಲ್ಲೇ ಎಡೆ ಇಡು.

ಅಕ್ಕ


ಜಕ್ಕೂರು
೩೦ ಸೆಪ್ಟೆಂಬರ್ ೨೦೧೮

ಅಕ್ಕ,

ನಾಗೇಶ, ಮಂಜುಶ್ರೀಯೂ ಊರಲ್ಲಿರಲಿಲ್ಲ, ನಿನ್ನ ಎರಡೂ ಕಾಗದಗಳು ಬೀಗ ಹಾಕಿದ ಬಾಗಿಲ ಸಂದಿಯಲ್ಲಿ ಒಟ್ಟಿಗೆ ಬಿದ್ದಿದ್ದವು. ಎರಡನೆಯದನ್ನು ಮೊದಲು ಓದಿದೆ. ಅಕ್ಕ ಬಂದಿದ್ದಳಲ್ಲ ಎಂದು ಖುಷಿಯಾಗಿ ಕಲ್ಲಿನ ಹತ್ತಿರ ಹೋದೆ.

ಜೆಸಿಬಿ ಓಡಿಸುವ ವಹಾಬ್ ಎಂಬುವನು ನನ್ನನ್ನು ನೋಡಿ ಗಾಡಿಯಿಂದ ಇಳಿದು ಬಂದ. “ಸಾರ್, ಆ ಅಜ್ಜಿ ಹೆಂಗವ್ರೆ ಈಗ?” ಎಂದ. ಯಾವ ಅಜ್ಜಿ ಎಂದೆ. “ನಿಮ್ಮಕ್ಕ ಅಂತೆ ಸಾರ್. ಗುಂಡಿ ಅಂಚಲ್ಲಿ ಹಗ್ಗ ಹಿಡ್ಕೊಂಡು ಕೂತ್ಬಿಟ್ರು. ಎಬ್ಬಿಸೋಕೆ ಆಗ್ಲಿಲ್ಲ. ಅಮ್ಮಾ ಅಮ್ಮಾ ಅಂತ ಮಗೂ ತರ ಅತ್ರು ಸಾರ್. ನಾನು ಎರಡು ದಿನ ಗಾಡಿ ಸ್ಟಾರ್ಟ್ ಮಾಡಿಲ್ಲ, ಕೈಯೇ ಬರ್ಲಿಲ್ಲ” ಎಂದ.

ಯಾವ ಹಗ್ಗ? ಯಾಕೆ ಅತ್ತೆ? ಕಲ್ಲು ಚೆನ್ನಾಗಿದೆ ಎಂದು ಬರೆದವಳು ಗುಂಡಿಯ ಅಂಚಿನಲ್ಲಿ ಯಾಕೆ ಕೂತಿದ್ದೆ? ವಹಾಬನನ್ನು ಕೇಳಿದರೆ, “ಅದು ನಿಮ್ ಮನೆ ಮಾತು ಸಾರ್, ಅವ್ರನ್ನೇ ಕೇಳಿ” ಎಂದು ಮುಖ ತಿರುಗಿಸಿದ.

ಎಂಟು ದಿನದಲ್ಲಿ ಅಮಾವಾಸ್ಯೆ. ಸುಳ್ಳು ಬರೆಯಬೇಡ.

ಕೇಶವ


ಗೌರಿಬಿದನೂರು
೩ ಅಕ್ಟೋಬರ್ ೨೦೧೮

ಕೇಶವ,

ಕೂತುಕೊಂಡು ಓದು.

ನಿನ್ನ ಕಲ್ಲಿನ ಕೆಳಗೆ ಅಮ್ಮ ಇಲ್ಲ. ಅಲ್ಲಿರುವುದು ಕೆಂಚ. ನಮ್ಮ ಎತ್ತು.

ಅಮ್ಮ ಹೋದಾಗ ನಿನಗೆ ನಾಲ್ಕು ವರ್ಷ. ಅಜ್ಜಿ ನಿನ್ನನ್ನು ಸೊಂಟಕ್ಕೇರಿಸಿಕೊಂಡು ತನ್ನೂರಿಗೆ ಕರೆದುಕೊಂಡು ಹೋದಳು, ಮೂರು ವರ್ಷ ಕಳುಹಿಸಲಿಲ್ಲ. ಕೆಂಚ ಸತ್ತಿದ್ದು ಆ ನಡುವೆ. ಅವನನ್ನು ಕರುವಾಗಿದ್ದಾಗಿನಿಂದ ಗಂಜಿ ಕುಡಿಸಿ ಸಾಕಿದವಳು ಅಮ್ಮ. ಮೇಯಲು ಉದ್ದ ಹಗ್ಗದಲ್ಲಿ ಕಟ್ಟಿ ಅಲ್ಲೇ ಬದುವಿನ ಮೇಲೆ ಕೂತಿರುತ್ತಿದ್ದಳು. ಅವನು ಸತ್ತ ದಿನ ಅಪ್ಪ ಅದೇ ಹಗ್ಗವನ್ನು ಹಿಡಿದು, ಅಮ್ಮನನ್ನು ಹೂತ ಜಾಗದಿಂದ ಏರೋಡ್ರೋಮಿನ ದೊಡ್ಡ ಶೆಡ್ಡಿಗೆ ಬೆನ್ನು ಮಾಡಿ ಎಳೆದು, ಹಗ್ಗ ಮುಗಿದ ಕಡೆ ಗುಂಡಿ ತೋಡಿಸಿದ. “ಅವ್ಳು ಕೂಗಿದ್ರೆ ಇವ್ನಿಗೆ ಕೇಳಿಸ್ಬೇಕು” ಎಂದ. ಹಗ್ಗದ ಆ ತುದಿ ಹಿಡಿದಿದ್ದವಳು ನಾನು.

ಇವೆಲ್ಲ ನಿನಗೆ ಗೊತ್ತು ಎಂದೇ ನಾನು ಇಷ್ಟು ವರ್ಷ ತಿಳಿದಿದ್ದೆ. ನೀನು ಎಡೆ ಇಡುವುದು ಎಲ್ಲಿ ಎಂದು ನಾನು ನೋಡಲೇ ಇಲ್ಲ. ಅಮ್ಮನ ಕಲ್ಲು ಎಂದು ಬರೆದಾಗ, ನೀನೇ ಅವಳಿಗೊಂದು ಹೊಸ ಕಲ್ಲು ನೆಡಿಸಿರಬೇಕು ಎಂದುಕೊಂಡೆ. ಸಂಕ್ರಾಂತಿ, ಕಬ್ಬು ಎಂದು ಓದಿದ ಕೂಡಲೇ ಅನುಮಾನ ಬಂತು. ಸಂಕ್ರಾಂತಿ ದನಗಳ ಹಬ್ಬ ಕಣೋ. ಹೆಂಡತಿಗೆ ಯಾರಾದರೂ ಸಂಕ್ರಾಂತಿಯಲ್ಲಿ ಕಬ್ಬು ಇಡುತ್ತಾರೆಯೇ?

ನನ್ನ ಮೊಣಕಾಲು ಕೆಟ್ಟು ಒಂಬತ್ತು ವರ್ಷವಾಯಿತು, ನಿನಗೆ ಹೇಳಿರಲಿಲ್ಲ. ಆದರೂ ಮಾರನೇ ದಿನವೇ ಹೊರಟೆ. ಇಳಿದು ನೋಡಿದರೆ ಯಾವ ಊರೋ ಎನಿಸಿತು. ಬಾವಿ ಇಲ್ಲ, ಹುಣಸೆ ಇಲ್ಲ, ಬದುವಿಲ್ಲ. ನಾನು ನಿಂತು ಆಡಿದ ನೆಲದಲ್ಲಿ ಗುರುತು ಹಿಡಿಯಲು ಒಂದು ಗಿಡವೂ ಇಲ್ಲ. ರೇಲಿಂಗಿನ ಒಳಗೆ ಆ ಕಲ್ಲು ಒಂದೇ. ಅದರ ಮುಂದಿನ ಬೋರ್ಡಿನಲ್ಲಿ ಚಿನ್ನದ ಅಕ್ಷರದಲ್ಲಿ ಅಮ್ಮನ ಹೆಸರು! ನನಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ, ಬಾಯಿಂದ ಏನೋ ಸದ್ದು ಬಂತು. ಪದ್ಮಶ್ರೀ ಹೆದರಿ ನನ್ನ ತೋಳು ಹಿಡಿದಳು.

ಆ ವಹಾಬ್ ಕೂಗುತ್ತಿದ್ದನಂತೆ, ನನಗೆ ಕೇಳಿಸಲಿಲ್ಲ. ಓಡಿ ಬಂದು ಮುಂದೆ ನಿಂತ. “ಅಜ್ಜೀ, ಮುಂದಕ್ಕೆ ಹೋಗ್ಬೇಡಿ, ಮಣ್ಣು ಸಡಿಲ ಐತೆ!”

“ಗಾಡಿ ನಿಲ್ಸಪ್ಪ. ಇಲ್ಲಿ ನಮ್ಮಮ್ಮ ಅವ್ಳೆ” ಎಂದೆ.

“ಅಮ್ಮ ಒಳಗವ್ರಲ್ಲ ಅಜ್ಜಿ, ಬೋರ್ಡೇ ಐತಲ್ಲ. ನಾವು ಆ ಕಡೆ ಮುಟ್ಟಿಲ್ಲ, ಅಲ್ಲಾನಾಣೆ.”

“ಅದು ಎತ್ತು ಕಣಪ್ಪಾ!”

ಆ ಹುಡುಗ ಬೋರ್ಡನ್ನೊಮ್ಮೆ ನನ್ನನ್ನೊಮ್ಮೆ ನೋಡಿದ. ಹಗ್ಗ ಕೊಡು ಎಂದೆ. ಗಾಡಿ ಎಳೆಯುವ ಹಗ್ಗ ತಂದುಕೊಟ್ಟ. ಅಳತೆ ನನ್ನ ಕೈಗೇ ಗೊತ್ತು, ದಿನಾ ಸಂಜೆ ಆ ಹಗ್ಗ ಸುತ್ತಿಡುತ್ತಿದ್ದವಳು ನಾನೇ. ಅಷ್ಟು ಉದ್ದಕ್ಕೆ ಗಂಟು ಹಾಕಿದೆ, ಒಂದು ತುದಿಯನ್ನು ಪದ್ಮಶ್ರೀ ಕಲ್ಲಿಗೆ ಒತ್ತಿ ಹಿಡಿದಳು. ಏರೋಡ್ರೋಮಿನ ಶೆಡ್ಡು ಇನ್ನೂ ಇದೆಯಲ್ಲ, ಅದರ ಕಡೆಗೆ ಮುಖ ಮಾಡಿ ನಾನು ಗಂಟು ಹಿಡಿದು ಹೊರಟೆ. ರೇಲಿಂಗ್ ದಾಟಿತು. ಮಣ್ಣು ಮುಗಿಯಿತು. ಹಗ್ಗ ಮುಗಿಯಲಿಲ್ಲ, ಕೇಶವ. ಉಳಿದ ಹಗ್ಗ ಗುಂಡಿಯ ಮೇಲೆ ಗಾಳಿಯಲ್ಲಿ ನೇತಾಡಿತು. ಕೆಳಗೆ ಎರಡಾಳು ಆಳ, ಬರೀ ಕೆಂಪು ಗೋಡೆ.

ಆ ಮೂಲೆ ತೆಗೆದು ಮೂರು ದಿನವಾಯಿತು, ಮಣ್ಣೆಲ್ಲ ಟಿಪ್ಪರಿನಲ್ಲಿ ಹೋಯಿತು ಎಂದ ವಹಾಬ್. ಹೇಳಿ, ತಾನೇ ಕುಕ್ಕರಗಾಲಿನಲ್ಲಿ ಕೂತು ತಲೆ ಮೇಲೆ ಕೈ ಇಟ್ಟುಕೊಂಡ.

ನಿನಗೆ ಹೇಳಬಾರದು ಎಂದು ದಾರಿಯಲ್ಲೇ ತೀರ್ಮಾನ ಮಾಡಿದೆ. ನನಗೆ ಅಮ್ಮನ ಮುಖ ಇದೆ, ಕೈ ಇದೆ, ಬೈಗುಳ ಇದೆ. ನಿನಗೆ ಇದ್ದಿದ್ದು ಆ ಕಲ್ಲೊಂದೇ. ಅದನ್ನೂ ನಾನೇ ಕಿತ್ತುಕೊಳ್ಳಲೇ?

ಆದರೆ ಹಗ್ಗ ಹಿಡಿದು ನಿಂತಾಗ ಇನ್ನೊಂದು ಹೊಳೆಯಿತು, ಅದನ್ನೂ ಕೇಳು. ಆ ಕಾಲದಲ್ಲಿ ಎತ್ತಿಗೆ ಕಲ್ಲು ನೆಟ್ಟರೆ ಊರು ಹೊಗಳುತ್ತಿತ್ತು. ಹೆಂಡತಿಗೆ ನೆಟ್ಟು ಅದರ ಮುಂದೆ ಕೂತರೆ, ಹೆಣ್ಣಿಗ ಎಂದು ನಗುತ್ತಿತ್ತು. ಅಪ್ಪ ಎತ್ತನ್ನು ಅಲ್ಲಿಗೇ ಯಾಕೆ ತಂದ? ಎತ್ತಿನ ಹೆಸರು ಹೇಳಿಕೊಂಡು ಹೋಗಿ ಅವಳ ಹತ್ತಿರ ಕೂರಬಹುದು ಎಂದು. ನೀನು ನೋಡಿದ ಅಪ್ಪ ಅಳುತ್ತಿದ್ದುದು ಕೆಂಚನಿಗಲ್ಲ. ಕಲ್ಲು ತಪ್ಪಿರಬಹುದು, ನೀನು ಕಂಡಿದ್ದು ತಪ್ಪಲ್ಲ.

ಅಕ್ಕ


ಜಕ್ಕೂರು
೧೦ ಅಕ್ಟೋಬರ್ ೨೦೧೮

ಅಕ್ಕ,

ಈ ಕಾಗದ ತಲುಪುವ ಹೊತ್ತಿಗೆ ನಾನೇ ನಿನ್ನ ಜಗುಲಿಯ ಮೇಲೆ ಕೂತಿರುತ್ತೇನೆ. ಬಾಯಲ್ಲಿ ಹೇಳಿದರೆ ನಿನಗೆ ಅರ್ಧ ಕೇಳಿಸುವುದಿಲ್ಲ, ಉಳಿದರ್ಧ ನನಗೆ ಹೇಳಲು ಬರುವುದಿಲ್ಲ. ಅದಕ್ಕೆ ಬರೆದೇ ಬಿಡುತ್ತೇನೆ.

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಸಂಜೆ ವಹಾಬನನ್ನು ಹಿಡಿದು, ಮಣ್ಣು ಎಲ್ಲಿಗೆ ಹೋಯಿತು ಎಂದು ಕೇಳಿದೆ. ಕೆಂಪಾಪುರದ ಹತ್ತಿರ ನೂರುಲ್ಲಾ ಎಂಬುವರ ನರ್ಸರಿಗೆ ಹೋಗಿದೆ. ಅಲ್ಲಿಗೆ ಓಡಿದೆ. ನೂರುಲ್ಲಾ ಸಾಹೇಬರು ಒಳ್ಳೆಯವರು, ನನ್ನ ಮುಖ ನೋಡಿ ಮೊದಲು ನೀರು ಕೊಟ್ಟರು. “ನಿಮ್ ಜಕ್ಕೂರು ಮಣ್ಣಾ? ಸೂಪರ್ ಕೆಂಪು ಮಣ್ಣು ಸಾರ್, ಗುಲಾಬಿಗೆ ಹೇಳಿ ಮಾಡಿಸ್ದಂಗೆ. ಗೊಬ್ಬರ ಬೆರೆಸಿ ಕುಂಡಕ್ಕೆ ತುಂಬಿಸ್ಬಿಟ್ಟೆ. ಒಂದು ಗಾಡಿ ಆರ್‌.ಟಿ. ನಗರಕ್ಕೆ ಹೋಯ್ತು, ಒಂದು ಯಲಹಂಕಕ್ಕೆ. ಉಳಿದಿದ್ದು ಇಗೋ ಇಲ್ಲಿ” ಎಂದು ಕೈ ಬೀಸಿ ತೋರಿಸಿದರು. ನೆಲದ ಉದ್ದಕ್ಕೂ ಕುಂಡಗಳು. ಯಾವುದರಲ್ಲಿ ಎಂದು ಕೇಳುವ ಪ್ರಶ್ನೆಯೇ ಇಲ್ಲ. ನಾನು ಅವುಗಳ ನಡುವೆ ಕಾಲಿಡಲು ಹೆದರಿ ಬಾಗಿಲಲ್ಲೇ ನಿಂತೆ.

ಅಮಾವಾಸ್ಯೆಯ ಹಿಂದಿನ ಸಂಜೆ ಮನೆಯವರೆಲ್ಲ ಸೇರಿದ್ದರು. ಗಂಗಾನಗರದಿಂದ ಮುನಿವೆಂಕಟಯ್ಯ ಮಾವನೂ ಬಂದಿದ್ದರು. ಎಂಬತ್ತಾಗುತ್ತಾ ಬಂತು, ಅಮ್ಮನ ತಮ್ಮಂದಿರಲ್ಲಿ ಉಳಿದವರು ಅವರೊಬ್ಬರೇ. ನಾಳೆ ಎಡೆ ಎಲ್ಲಿಡುವುದು ಎಂಬ ಮಾತು ಬಂತು. ಆಗ ನೀನು ಬರೆದಿದ್ದನ್ನೂ ನಾನು ನರ್ಸರಿಯಲ್ಲಿ ಕಂಡಿದ್ದನ್ನೂ ಕಥೆ ಹೇಳಿದಂತೆ ಹೇಳಿದೆ. ಕಣದಲ್ಲಿ ನೀನು ಹೇಳುತ್ತಿದ್ದಂತೆ ನಿಧಾನವಾಗಿ ಹೇಳಬೇಕೆಂದಿದ್ದೆ, ಹಗ್ಗದ ತುದಿ ಗಾಳಿಯಲ್ಲಿ ನೇತಾಡಿದ್ದು ಬಂದಾಗ ಉಳಿದದ್ದನ್ನು ಒಂದೇ ಉಸಿರಿಗೆ ಮುಗಿಸಿಬಿಟ್ಟೆ.

ಮೊದಲು ಬಾಯಿ ಬಿಟ್ಟವಳು ವರಲಕ್ಷ್ಮಿ. “ಅಯ್ಯೋ ಶಿವನೇ! ಅಂದ್ರೆ ಮದ್ವೆ ಆದಾಗಿಂದ ನಾನು ಎತ್ತಿಗೆ ಮಟನ್ ಸಾರು ಬಡಿಸ್ತಿದ್ನಾ?”

ಮಂಜುಶ್ರೀ ನಗು ತಡೆಯಲು ಸೆರಗು ಬಾಯಿಗಿಟ್ಟುಕೊಂಡಳು, ಆಮೇಲೆ ಅದೇ ಸೆರಗಿನಲ್ಲಿ ಅತ್ತಳು. ನಾಗೇಶ ಬಾಲ್ಕನಿಗೆ ಹೋಗಿ ಗುಂಡಿಯ ಕಡೆ ನೋಡುತ್ತಾ ನಿಂತ. “ಆ ನರ್ಸರಿಯಿಂದ ಒಂದ್ ಕುಂಡ ತಂದು ಮನೇಲಿ ಇಟ್ಕೊಳ್ಳೋಣ್ವಾ ಅಪ್ಪಾ?” ಎಂದ.

ಮಾವ ಕೋಲನ್ನು ನೆಲಕ್ಕೆ ಕುಟ್ಟಿದರು. “ಏನ್ ಮಾತಾಡ್ತೀಯ್ಲಾ! ಹೆಣ ಹೂತ ಮಣ್ಣು ಹೊಸ್ತಿಲು ದಾಟ್ಬಾರ್ದು. ನಮ್ಮ ವಂಶದಲ್ಲೇ ಇಲ್ಲ. ಹೋದೋಳು ಹೋದ್ಲು. ಕಲ್ಲಿಗೇ ಎಡೆ ಇಡಿ, ಮಟನ್ ಬೇಡ, ಪಾಯಸ ಇಡಿ. ಎತ್ತು ತಿಂದ್ರೂ ಪುಣ್ಯವೇ. ಇನ್ನು ಯಾರೂ ಆ ನರ್ಸರಿ ಮಾತು ಎತ್ತಕೂಡ್ದು.” ಹಿರಿಯರ ಮಾತು. ಎಲ್ಲರೂ ಸರಿ ಎಂದೆವು. ಅವರನ್ನು ಗಂಗಾನಗರಕ್ಕೆ ಬಿಟ್ಟುಬಂದು ನಾಗೇಶ ನೇರವಾಗಿ ಹೋಗಿ ಮಲಗಿದ.

ಬೆಳಗ್ಗೆ ಎದ್ದರೆ ಮಗ್ಗುಲಲ್ಲಿ ವರಲಕ್ಷ್ಮಿ ಇಲ್ಲ. ಅಡುಗೆಮನೆಯಲ್ಲಿ ಒಲೆ ಹಚ್ಚಿಲ್ಲ. ನಾಗೇಶನ ಬೈಕೂ ಇಲ್ಲ. ನನಗೆ ಯಾರೂ ಏನೂ ಹೇಳಿರಲಿಲ್ಲ, ಆದರೂ ಆಟೋದವನಿಗೆ ಕೆಂಪಾಪುರ ಎಂದೆ.

ವರಲಕ್ಷ್ಮಿ ಕುಂಡಗಳ ನಡುವೆ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಂತಿದ್ದಳು. ನಾಗೇಶ, ಮಂಜುಶ್ರೀ ಒಂದು ಕರಿಬೇವಿನ ಗಿಡ ಸಾಕೋ ದಾಸವಾಳವೂ ಬೇಕೋ ಎಂದು ಪಿಸುಗುಟ್ಟುತ್ತಿದ್ದರು. ನನ್ನನ್ನು ಕಂಡು ಮೂವರೂ ಕದ್ದು ಸಿಕ್ಕಿಬಿದ್ದವರ ಹಾಗೆ ತಲೆ ತಗ್ಗಿಸಿದರು.

“ನಿಮಗಿಂತ ಮುಂಚೆ ಒಬ್ಬರು ಬಂದವ್ರೆ ಸಾರ್,” ಎಂದರು ನೂರುಲ್ಲಾ. “ನಾನು ಬೀಗ ತೆಗೆಯೋಕೆ ಬಂದಾಗ್ಲೇ ಗೇಟ್ ಮುಂದೆ ನಿಂತಿದ್ರು. ಒಂದೊಂದ್ ಕುಂಡನೂ ಮುಟ್ಟಿ ಮುಟ್ಟಿ ನೋಡಿದ್ರು.”

ಒಳಗಿನಿಂದ ಮುನಿವೆಂಕಟಯ್ಯ ಮಾವ ಬರುತ್ತಿದ್ದರು. ಕೋಲು ಕಂಕುಳಲ್ಲಿತ್ತು. ಎರಡೂ ಕೈಯಲ್ಲಿ ಒಂದು ಗುಲಾಬಿ ಕುಂಡವನ್ನು ಎದೆಗೆ ಅವುಚಿಕೊಂಡಿದ್ದರು, ಬಿಳಿ ಶರ್ಟೆಲ್ಲ ಕೆಂಪು ಮಣ್ಣು.

“ಏನ್ ನೋಡ್ತೀರ್ಲಾ?” ಎಂದು ನಮ್ಮನ್ನೇ ಗದರಿದರು. “ಗುಲಾಬಿ ಬೇಕಿತ್ತು, ತಗೊಂಡೆ.”

ನಾಗೇಶ ಕುಂಡ ಹಿಡಿದುಕೊಳ್ಳಲು ಕೈ ಚಾಚಿದ. ಕೊಡಲಿಲ್ಲ. ಆಟೋದಲ್ಲಿ ಕಾಲ ಬಳಿ ಇಡಿ ತಾತ, ಮಣ್ಣಾಗುತ್ತೆ ಎಂದು ಡ್ರೈವರ್ ಹೇಳಿದ. ಅದಕ್ಕೂ ಕೇಳಲಿಲ್ಲ. ಮಡಿಲಲ್ಲೇ ಇಟ್ಟುಕೊಂಡು, ಗಿಡಕ್ಕೆ ಗಾಳಿ ತಾಗದಂತೆ ಟವೆಲು ಸುತ್ತಿ, “ನಿಧಾನಕ್ಕೆ ಓಡ್ಸಪ್ಪಾ, ಹಂಪ್ ಜಾಸ್ತಿ ಐತೆ” ಎಂದರು.

ಕೇಶವ